ಯಾರೂ ಕಟ್ಟದ ಹಡಗಿಗೂ ತೂಕದ ಲೆಕ್ಕ ಕೇಳುವ ಸ್ಪ್ರಿಂಗ್‌ಶಾರ್ಪ್

ಯುದ್ಧನೌಕೆಯ ವಿನ್ಯಾಸವನ್ನು ಲೆಕ್ಕ ಹಾಕಿ ನೋಡೋ ಸ್ಪ್ರಿಂಗ್‌ಶಾರ್ಪ್ ನೋಡೋಕೆ ಚೆಂದದ ಸಾಫ್ಟ್‌ವೇರ್ ಅಲ್ಲ. ವಿಂಡೋಸ್‌ನ ಹಳೇ ಕಾಲದ ಕಿಟಕಿ, ಅದರ ತುಂಬಾ ಪುಟ್ಟ ಪುಟ್ಟ ಖಾನೆಗಳು, ಪ್ರತಿ ಖಾನೆಗೂ ಒಂದೊಂದು ಅಂಕಿ ತುಂಬಬೇಕು, ಅಷ್ಟೇ. ಹಡಗನ್ನು ತಿರುಗಿಸಿ ನೋಡೋ ಚಿತ್ರ ಇಲ್ಲ, ಅಲೆ ಇಲ್ಲ, ಸದ್ದಿಲ್ಲ. ಆದರೂ ಇತಿಹಾಸ ಬೇರೆ ದಾರಿ ಹಿಡಿದಿದ್ದರೆ ಏನಾಗುತ್ತಿತ್ತು ಅಂತ ನೌಕಾ ಆಟ ಕಟ್ಟುವವರು, ಆ ಆಟದ ದೇಶಗಳಿಗೆ ಯುದ್ಧನೌಕೆಗಳ ಪಟ್ಟಿ ಬರೆಯುವವರು ಇವತ್ತಿಗೂ ಇದನ್ನು ಬಿಟ್ಟಿಲ್ಲ. ಪುಕ್ಕಟೆ ಸಿಗುತ್ತೆ ಅನ್ನೋದು ಒಂದು ಕಾರಣ. ದೊಡ್ಡ ಕಾರಣ ಬೇರೆ ಇದೆ: ನಾವು ಕೇಳಿದ್ದಕ್ಕೆಲ್ಲ ಇದು ಹೂಂ ಅನ್ನೋದಿಲ್ಲ.

ಕಾಲ್ಪನಿಕ ಹಡಗುಗಳ ಪಟ್ಟಿಗಳನ್ನು ಓದಿದವರಿಗೆ ಈ ಕಾಯಿಲೆ ಗೊತ್ತಿರುತ್ತೆ. ಹನ್ನೆರಡು 16 ಇಂಚಿನ ಫಿರಂಗಿ, 14 ಇಂಚಿನ ಕವಚ, 33 ನಾಟ್ ವೇಗ, ಇಷ್ಟೆಲ್ಲ ಸೇರಿ 35,000 ಟನ್! ಬರೆದವರಿಗೆ ಖುಷಿ, ಎದುರು ಆಡೋರಿಗೆ ತಲೆನೋವು. ಕಾಗದ ಏನು ಬರೆದರೂ ತಡೆದುಕೊಳ್ಳುತ್ತೆ, ನೀರು ತಡೆಯೋದಿಲ್ಲ. ಸ್ಪ್ರಿಂಗ್‌ಶಾರ್ಪ್ ಇಲ್ಲಿ ನೀರಿನ ಪರವಾಗಿ ಮಾತಾಡುತ್ತೆ.

ಅದರ ಲೆಕ್ಕದ ದಾರಿ ಸರಳ. ಹಡಗಿನ ಉದ್ದ, ಅಗಲ, ನೀರೊಳಗಿನ ಆಳ, ಜೊತೆಗೆ ಬ್ಲಾಕ್ ಕೋಎಫಿಶಿಯೆಂಟ್, ಅಂದರೆ ನೀರೊಳಗಿನ ಭಾಗ ಪೆಟ್ಟಿಗೆ ಥರ ತುಂಬಿಕೊಂಡಿದೆಯಾ ಅಥವಾ ಚೂಪಾಗಿದೆಯಾ ಅನ್ನೋ ಅಂಕಿ, ಇಷ್ಟು ಕೊಟ್ಟರೆ ಹಡಗು ಒಟ್ಟು ಎಷ್ಟು ತೂಕ ಹೊರಬಲ್ಲದು ಅಂತ ತಿಳಿಯುತ್ತೆ. ಆಮೇಲೆ ಫಿರಂಗಿ, ಗುಂಡು, ಕವಚ, ಎಂಜಿನ್, ಇಂಧನ ಒಂದೊಂದನ್ನೇ ಅದರಿಂದ ಕಳೆಯುತ್ತಾ ಹೋಗುತ್ತೆ. ಕೊನೆಗೆ ಉಳಿದ ತೂಕದಲ್ಲೇ ಹಡಗಿನ ಮೈ ಕಟ್ಟಬೇಕು. ಉಳಿದದ್ದು ಸಾಲದಿದ್ದರೆ ಹಲ್ ಸ್ಟ್ರೆಂತ್, ಅಂದರೆ ಮೈ ಎಷ್ಟು ಗಟ್ಟಿ ಅನ್ನೋ ಅಂಕಿ, 1.00ಕ್ಕಿಂತ ಕೆಳಗೆ ಇಳಿಯುತ್ತೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು.

ಒಂದು ಹಡಗನ್ನೇ ಹಿಡಿದು ನೋಡೋಣ. ದೊಡ್ಡ ದೇಶಗಳ ಯುದ್ಧನೌಕೆಗಳಿಗೆ ಮಿತಿ ಹಾಕಿದ 1922ರ ವಾಷಿಂಗ್ಟನ್ ನೌಕಾ ಒಪ್ಪಂದ ಆಗಲೇ ಇಲ್ಲ ಅನ್ನೋದು ಈ ಆಟಗಳಲ್ಲಿ ತುಂಬಾ ಬಳಕೆಯಲ್ಲಿರೋ ಕವಲು. ಒಪ್ಪಂದ ಆಗದಿದ್ದರೆ ಬ್ರಿಟನ್ನಿನ ಜಿ3, ಅಮೆರಿಕದ ಲೆಕ್ಸಿಂಗ್ಟನ್, ಜಪಾನಿನ ಅಮಾಗಿ ಕ್ಲಾಸ್‌ಗಳು, ಅಂದರೆ ಒಂದೇ ವಿನ್ಯಾಸದ ಹಡಗುಗಳ ಗುಂಪುಗಳು, ಯೋಜನೆಯಲ್ಲಿ ಇದ್ದಂತೆಯೇ ನೀರಿಗೆ ಇಳಿಯುತ್ತಿದ್ದವು. ಇವುಗಳ ಪಕ್ಕ ನಿಲ್ಲೋ ಇನ್ನೊಂದು ದೇಶದ ಹಡಗು ಬೇಕು ಅಂತ ಇಟ್ಟುಕೊಳ್ಳಿ. 1921ರಲ್ಲಿ ಕಟ್ಟೋಕೆ ಶುರು, ಒಂಬತ್ತು 16 ಇಂಚಿನ ಫಿರಂಗಿ, 12 ಇಂಚಿನ ಬೆಲ್ಟ್ (ಹಡಗಿನ ಬದಿಯ ಕವಚ), 31 ನಾಟ್, ಉದ್ದ 720 ಅಡಿ. ತುಂಬಿ ನೋಡಿದರೆ ಹಲ್ ಸ್ಟ್ರೆಂತ್ ಕುಸಿದು ಕೂರುತ್ತೆ. ಎಲ್ಲಿ ಹೋಯಿತು ತೂಕ? ದೊಡ್ಡ ಪಾಲು ಎಂಜಿನ್‌ಗೆ. ವರದಿಯಲ್ಲಿ ಒಂದು ಸಾಲಿದೆ, ಪೂರ್ತಿ ವೇಗದಲ್ಲಿ ಎಂಜಿನ್ ಶಕ್ತಿಯ ಶೇಕಡಾ ಎಷ್ಟು ಬರೀ ಅಲೆ ಎಬ್ಬಿಸೋಕೆ ಖರ್ಚಾಗುತ್ತೆ ಅಂತ. ಗಿಡ್ಡ ಹಡಗನ್ನು ಜೋರಾಗಿ ಓಡಿಸಿದಷ್ಟೂ ಆ ಅಂಕಿ ಏರುತ್ತೆ. ಅಗಲ, ಆಳ ಮುಟ್ಟದೆ ಉದ್ದ ಒಂದನ್ನೇ ಹೆಚ್ಚಿಸುತ್ತಾ ಹೋಗಿ, ಅದೇ 31 ನಾಟ್‌ಗೆ ಬೇಕಾದ ಶಕ್ತಿ ಕಡಿಮೆಯಾಗುತ್ತೆ, ಎಂಜಿನ್ ಹಗುರ ಆಗುತ್ತೆ, ಉಳಿದ ತೂಕ ಮೈಗೆ ಸಿಗುತ್ತೆ. ಆದರೆ ಟನ್ ಏರುತ್ತೆ, ಖರ್ಚೂ ಏರುತ್ತೆ. ಬ್ರಿಟನ್ ನಿಜವಾಗಿ ಯೋಜಿಸಿದ್ದ ಜಿ3 ಒಂಬತ್ತು 16 ಇಂಚಿನ ಫಿರಂಗಿ ಹೊತ್ತು ಸುಮಾರು 48,000 ಟನ್, 856 ಅಡಿಗೆ ಯಾಕೆ ಹೋಗಿ ನಿಂತಿತು ಅನ್ನೋದು ಆಗ ಕಣ್ಣಿಗೆ ಕಟ್ಟುತ್ತೆ. ಪುಸ್ತಕ ಓದಿ ತಿಳಿಯೋದು ಬೇರೆ, ಖಾನೆಯಲ್ಲಿ ಅಂಕಿ ಬದಲಿಸಿ ನೋಡೋದು ಬೇರೆ.

ವರದಿ ಬರೋದು ಬರೀ ಅಕ್ಷರದಲ್ಲಿ, ಉದ್ದಕ್ಕೆ. ಈ ಸಾಫ್ಟ್‌ವೇರ್‌ನ ನಿಜವಾದ ಬೆಲೆ ಇರೋದು ಅಲ್ಲೇ ಅಂತ ನನ್ನ ಅನಿಸಿಕೆ. ಮೇಲ್ಗಡೆ ನಾಲ್ಕು ಥರದ ತೂಕ, ಅಳತೆಗಳು, ಫಿರಂಗಿಗಳ ಸಾಲು, ಒಂದು ಬದಿಯಿಂದ ಒಟ್ಟಿಗೆ ಹಾರೋ ಗುಂಡುಗಳ ತೂಕ, ಕವಚ, ಎಂಜಿನ್, ಸಿಬ್ಬಂದಿ ಎಷ್ಟು, ಪೌಂಡ್ ಮತ್ತು ಡಾಲರ್‌ನಲ್ಲಿ ಖರ್ಚು. ಅದರ ಕೆಳಗೆ ಸ್ವಭಾವ. ಸ್ಟೆಬಿಲಿಟಿ 1.00ಕ್ಕಿಂತ ಕಡಿಮೆ ಇದ್ದರೆ ಹಡಗು ಮಗುಚುತ್ತೆ. ರಿಕಾಯ್ಲ್, ಅಂದರೆ ಫಿರಂಗಿ ಹಾರಿಸಿದಾಗ ಹಿಂದಕ್ಕೆ ಒದೆಯೋ ಒದೆತ, 1.00 ದಾಟಿದರೆ ಎಲ್ಲ ಕಡೆಗೂ ಫಿರಂಗಿ ಹಾರಿಸೋ ಹಾಗಿಲ್ಲ. ಗುರಿ ಇಡೋಕೆ ಹಡಗು ಎಷ್ಟು ಅಲುಗದೆ ನಿಲ್ಲುತ್ತೆ ಅನ್ನೋದಕ್ಕೆ ಒಂದು ಶೇಕಡಾ ಅಂಕಿ, ಅದರ ಸರಾಸರಿ 50. ಜೋರು ಸಮುದ್ರದಲ್ಲಿ ಹೇಗಿರುತ್ತೆ ಅನ್ನೋದಕ್ಕೆ ಇನ್ನೊಂದು, ಅದರ ಸರಾಸರಿ 1.00. ಕೊನೆಗೆ ಎರಡು ಮೂರು ಸಾಲಿನ ಟೀಕೆ, ಸಿಬ್ಬಂದಿಗೆ ಜಾಗ ಇಕ್ಕಟ್ಟು, ಒಳ್ಳೆ ಸಮುದ್ರದ ಹಡಗು, ಹೀಗೆ. ಮುಖ ನೋಡಿ ಮಣೆ ಹಾಕೋದಿಲ್ಲ.

ಆ ಟೀಕೆಗಳನ್ನು ಪಟ್ಟಿಯಿಂದ ಅಳಿಸಬೇಡಿ, ದಯವಿಟ್ಟು. ಎಷ್ಟೋ ಜನ ಚೆಂದದ ಅಂಕಿಗಳನ್ನು ಮಾತ್ರ ಎತ್ತಿಕೊಂಡು ಉಳಿದದ್ದನ್ನು ಬಿಡುತ್ತಾರೆ, ಹಾಗೆ ಮಾಡಿದರೆ ಹಡಗಿಗೆ ವ್ಯಕ್ತಿತ್ವವೇ ಉಳಿಯೋದಿಲ್ಲ. ಬ್ರಿಟನ್ನಿನ ಹುಡ್ ಹಡಗನ್ನೇ ನೋಡಿ. 1916ರಲ್ಲಿ ಜರ್ಮನಿ ಜೊತೆ ಜಟ್ಲೆಂಡ್ ಕಾಳಗ ಆದ ಮೇಲೆ ಅದಕ್ಕೆ ಸುಮಾರು 5,000 ಟನ್ ಕವಚ ಸೇರಿಸಿದರು. ಹಡಗು ಅಂದುಕೊಂಡಿದ್ದಕ್ಕಿಂತ ಕೆಳಗೆ ಕುಳಿತಿತು, ಹಿಂದಿನ ಡೆಕ್ ಮೇಲೆ ಯಾವಾಗಲೂ ನೀರು. ನೌಕಾಪಡೆಯ ಅತಿ ದೊಡ್ಡ ಸಬ್‌ಮರೀನ್ ಅಂತ ನಾವಿಕರು ತಮಾಷೆ ಮಾಡುತ್ತಿದ್ದರು. ಜನ ನೆನಪಿಟ್ಟುಕೊಳ್ಳೋದು ಇಂಥ ಹಡಗನ್ನೇ ಅಲ್ವಾ? ನೀವು ಕಟ್ಟಿದ ಹಡಗಿಗೆ ಫ್ರೀಬೋರ್ಡ್, ಅಂದರೆ ನೀರಿನ ಮೇಲಿರೋ ಮೈಯ ಎತ್ತರ, ಕಡಿಮೆ ಬಂದಿದ್ದರೆ ಹಾಗೇ ಬಿಡಿ, ಅದರ ಕಥೆ ಅಲ್ಲಿಂದಲೇ ಶುರುವಾಗುತ್ತೆ.

ಈಗ ತಕರಾರುಗಳು.

ಡೆಸ್ಟ್ರಾಯರ್‌ಗಳ ವಿಷಯದಲ್ಲಿ ಇದನ್ನು ಕಣ್ಣು ಮುಚ್ಚಿ ನಂಬೋ ಹಾಗಿಲ್ಲ. ನಿಜವಾಗಿ ಕಟ್ಟಿ ಓಡಿಸಿದ ಡೆಸ್ಟ್ರಾಯರ್‌ಗಳ ಅಂಕಿ ಹಾಕಿದರೂ ಎಷ್ಟೋ ಸಲ ಹಲ್ ಸ್ಟ್ರೆಂತ್ 1.00 ಮುಟ್ಟೋದಿಲ್ಲ. ತೆಳ್ಳಗಿನ ತಗಡಿನ, ಸಿಕ್ಕಾಪಟ್ಟೆ ವೇಗದ ಚಿಕ್ಕ ಹಡಗುಗಳ ಲೆಕ್ಕ ಇದಕ್ಕೆ ಒಗ್ಗೋದಿಲ್ಲ. ಹಾಗಾಗಿ ಆಟ ನಡೆಸೋರು ಚಿಕ್ಕ ಹಡಗಿಗೆ ಬೇರೆ ಗೆರೆ ಎಳೆದುಕೊಳ್ಳಬೇಕು. ವಿಮಾನವಾಹಕ ನೌಕೆ ಇನ್ನೂ ಕಷ್ಟ. ಹ್ಯಾಂಗರ್, ಲಿಫ್ಟ್, ವಿಮಾನ, ಪೆಟ್ರೋಲು ಎಲ್ಲವನ್ನೂ ಇತರೆ ತೂಕ ಅನ್ನೋ ಖಾನೆಗೆ ಅಂದಾಜಿನಲ್ಲಿ ತುಂಬಬೇಕು, ಅಂದಾಜು ಎಷ್ಟು ಸರಿಯೋ ಹಡಗು ಅಷ್ಟೇ ಸರಿ. ಫಿರಂಗಿ ಎಷ್ಟು ದೂರ ಹೊಡೆಯುತ್ತೆ, ಎಷ್ಟು ದಪ್ಪದ ಕವಚ ಸೀಳುತ್ತೆ ಅನ್ನೋದು ವರದಿಯಲ್ಲಿ ಇಲ್ಲ, ಅದನ್ನು ಆಟದ ನಿಯಮಗಳಿಂದಲೇ ತರಬೇಕು. ಖರ್ಚಿನ ಅಂಕಿಯನ್ನು ಎರಡು ಹಡಗು ಹೋಲಿಸೋಕೆ ಇಟ್ಟುಕೊಳ್ಳಿ, ಬಜೆಟ್ ಬರೆಯೋಕೆ ಬೇಡ.

ಮೋಸಕ್ಕೂ ದಾರಿ ಇದೆ. ಹಡಗು ಶುರುವಾದ ವರ್ಷ ಒಂದು, ಎಂಜಿನ್ನಿನ ವರ್ಷ ಇನ್ನೊಂದು, ಎರಡನ್ನೂ ಬೇರೆ ಬೇರೆ ಕೊಡಬಹುದು. ವರ್ಷ ಮುಂದೆ ಹೋದಷ್ಟೂ ಅದೇ ಶಕ್ತಿಗೆ ಎಂಜಿನ್ ಹಗುರ. 1912ರ ಹಡಗಿಗೆ ಹತ್ತು ವರ್ಷ ಮುಂದಿನ ಎಂಜಿನ್ ಕೂರಿಸಿದರೆ ತೂಕದ ಸಮಸ್ಯೆ ಸುಮ್ನೆ ಮಾಯ. ಪುಣ್ಯಕ್ಕೆ ವರದಿಯ ಮೇಲ್ಗಡೆಯೇ ಎಂಜಿನ್ನಿನ ವರ್ಷ ಬಿದ್ದಿರುತ್ತೆ, ಬೇರೆಯವರ ಹಡಗು ಪರೀಕ್ಷಿಸುವಾಗ ಕಣ್ಣು ಮೊದಲು ಅಲ್ಲಿಗೇ ಹೋಗಲಿ.

ಎಲ್ಲಕ್ಕಿಂತ ದೊಡ್ಡ ಕೊರತೆ ಅಂದರೆ ಇದು ಲೆಕ್ಕ ಮಾಡುತ್ತೆ, ಪಟ್ಟಿ ಮಾಡೋದಿಲ್ಲ. ಒಂದು ಹಡಗಿಗೆ ಒಂದು ಫೈಲ್. ದೇಶ ದೇಶಕ್ಕೆ ವಿಂಗಡಿಸೋದು, ಒಂದೇ ಕ್ಲಾಸಿನ ತಂಗಿ ಹಡಗುಗಳ ಹೆಸರು, ಯಾವುದು ಯಾವಾಗ ನೀರಿಗೆ ಇಳಿಯಿತು, ಯಾವಾಗ ಗುಜರಿಗೆ ಹೋಯಿತು, ಎಲ್ಲ ನಿಮ್ಮ ತಲೆನೋವು. ನಾನು ಪಠ್ಯ ವರದಿಯನ್ನು ಹಾಗೇ ಒಂದು ಕಡೆ ಇಟ್ಟು, ಮುಖ್ಯ ಅಂಕಿಗಳನ್ನು ಮಾತ್ರ ಸ್ಪ್ರೆಡ್‌ಶೀಟ್‌ಗೆ ಏರಿಸುತ್ತೇನೆ. ರೀಫಿಟ್ ಆದಾಗ, ಅಂದರೆ ಹಳೇ ಹಡಗನ್ನು ಮತ್ತೆ ಸಜ್ಜು ಮಾಡಿದಾಗ, ಹಳೇ ಫೈಲಿನ ಮೇಲೆ ಬರೆಯದೆ ವರ್ಷ ಸೇರಿಸಿ ಹೊಸದಾಗಿ ಉಳಿಸೋದು ಒಳ್ಳೇದು, ಇಲ್ಲಾಂದ್ರೆ 1925ರ ಕಾಳಗಕ್ಕೆ 1938ರ ಹಡಗು ಹೋಗಿ ನಿಲ್ಲುತ್ತೆ. ಹಡಗು ಕಟ್ಟುವಾಗಲೇ ಇತರೆ ತೂಕದಲ್ಲಿ ಒಂದಿಷ್ಟು ಖಾಲಿ ಬಿಟ್ಟಿದ್ದರೆ ಮುಂದೆ ವಿಮಾನ ಹೊಡೆಯೋ ಫಿರಂಗಿ, ರೇಡಾರ್ ಸೇರಿಸುವಾಗ ಜಗಳ ಇರೋದಿಲ್ಲ.

ಪಟ್ಟಿಯಲ್ಲಿ ಯಾವ ತೂಕ ಬರೆಯಬೇಕು ಅನ್ನೋದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಇಲ್ಲೇ ಹೆಚ್ಚಿನ ಪಟ್ಟಿಗಳು ಹಾಳಾಗೋದು. ಸ್ಟ್ಯಾಂಡರ್ಡ್ ತೂಕ ಅನ್ನೋ ಅಳತೆಯನ್ನು ತಂದಿದ್ದೇ 1922ರ ಒಪ್ಪಂದ. ಹಡಗಿನಲ್ಲಿ ಸಿಬ್ಬಂದಿ, ಗುಂಡು, ದಿನಸಿ ಎಲ್ಲ ಇರಬೇಕು, ಇಂಧನ ಮತ್ತು ಬಾಯ್ಲರಿನ ಮೀಸಲು ನೀರು ಮಾತ್ರ ಇರಬಾರದು. ಬ್ಯಾಟಲ್‌ಶಿಪ್‌ಗೆ 35,000 ಟನ್, ಕ್ರೂಸರ್‌ಗೆ 10,000 ಟನ್ ಮಿತಿ ಹಾಕಿದ್ದು ಈ ಅಳತೆಯಲ್ಲಿ. ಅದಕ್ಕೂ ಹಿಂದಿನ ಹಡಗುಗಳ ಅಂಕಿ ಸಾಮಾನ್ಯವಾಗಿ ನಾರ್ಮಲ್ ತೂಕ, ಅದರಲ್ಲಿ ಒಂದಷ್ಟು ಇಂಧನವೂ ಸೇರಿರುತ್ತೆ. ಒಂದೇ ಕಾಲಂನಲ್ಲಿ ಎರಡನ್ನೂ ಬೆರೆಸಿದರೆ 1910ರ ಹಡಗು ಸುಮ್‌ಸುಮ್ನೆ ದಪ್ಪ ಕಾಣುತ್ತೆ. ನಿಮ್ಮ ಇತಿಹಾಸದಲ್ಲಿ ಒಪ್ಪಂದವೇ ಆಗಿಲ್ಲ ಅಂದರೆ ಸ್ಟ್ಯಾಂಡರ್ಡ್ ಅನ್ನೋ ಅಳತೆ ಹುಟ್ಟೋ ಕಾರಣವೂ ಇಲ್ಲ, ನಾರ್ಮಲ್ ಒಂದೇ ಸಾಕು. ಸಾಫ್ಟ್‌ವೇರ್ ಎರಡನ್ನೂ ಕೊಡುತ್ತೆ, ಆರಿಸೋ ಕೆಲಸ ನಮ್ಮದು. ಟನ್ ಅಂದರೆ ಇಲ್ಲಿ 1,016 ಕಿಲೋ ತೂಗೋ ಬ್ರಿಟಿಷ್ ಟನ್ ಅನ್ನೋದೂ ನೆನಪಿರಲಿ.

ಇನ್ನೊಂದು ಕಾಲಂ ಸೇರಿಸಿದರೆ ಪಟ್ಟಿಗೆ ಜೀವ ಬರುತ್ತೆ: ಆ ದೇಶ ಜಗತ್ತಿಗೆ ಹೇಳಿದ ಅಂಕಿ. ಬಿಸ್ಮಾರ್ಕ್ 35,000 ಟನ್ ಅಂತ ಜರ್ಮನಿ ಹೇಳುತ್ತಿತ್ತು, ನಿಜವಾದ ಸ್ಟ್ಯಾಂಡರ್ಡ್ ತೂಕ 41,000 ದಾಟಿತ್ತು. ಯಮಾಟೋದ 46 ಸೆಂಟಿಮೀಟರ್ ಫಿರಂಗಿಯನ್ನು ಜಪಾನ್ ದಾಖಲೆಗಳಲ್ಲಿ 40 ಸೆಂಟಿಮೀಟರ್ ಅಂತಲೇ ಕರೆಯುತ್ತಿತ್ತು. ಆಟದಲ್ಲಿ ಎದುರಾಳಿಗೆ ಹೇಳಿದ ಅಂಕಿಯ ಕಾಲಂ ಮಾತ್ರ ತೋರಿಸಿ, ಮಜಾ ನೋಡಿ.

ಇಷ್ಟೆಲ್ಲ ಯಾಕೆ, ರೂಲ್ ದ ವೇವ್ಸ್ 3 ಇದೆಯಲ್ಲ ಅನ್ನೋರು ಇದ್ದಾರೆ. 2023ರಲ್ಲಿ ಬಂದ ಆಟ ಅದು, 1890ರಿಂದ 1970ರವರೆಗೆ ಆಡಬಹುದು, ಹಡಗು ವಿನ್ಯಾಸವೂ ಅದರೊಳಗೇ. ಕಟ್ಟಿದ ಹಡಗು, ಮುಳುಗಿದ ಹಡಗು ಎಲ್ಲದರ ದಾಖಲೆ ತಾನಾಗೇ ಬೆಳೆಯುತ್ತೆ, ಆ ವಿಷಯದಲ್ಲಿ ಸ್ಪ್ರಿಂಗ್‌ಶಾರ್ಪ್ ಅದರ ಹತ್ತಿರ ಸುಳಿಯೋದಿಲ್ಲ. ಆದರೆ ಅದು ಕೇಳೋದು ಟನ್, ವೇಗ, ಕವಚ, ಫಿರಂಗಿ. ಉದ್ದ ಅಗಲ ಕೇಳೋದಿಲ್ಲ. ಆಟ ಮುಗಿಸಬೇಕಾದವರಿಗೆ ಅದು ಸಾಕು. ಬೇರೆ ನಿಯಮಗಳಲ್ಲಿ, ಮೇಜಿನ ಮೇಲೆ ಅಥವಾ ಪತ್ರ ವ್ಯವಹಾರದಲ್ಲಿ ಆಡೋರಿಗೆ, ಹಡಗಿನ ಪಕ್ಕದ ನೋಟದ ಚಿತ್ರ ಬಿಡಿಸೋರಿಗೆ ಅಳತೆ ಬೇಕೇ ಬೇಕು.

ಇದೆಲ್ಲ ಕೆಲಸವಿಲ್ಲದವರ ಕೆಲಸ ಅಂತ ನಗೋರಿಗೆ ಒಂದು ಮಾತು. ನಿಜವಾದ ಯುದ್ಧನೌಕೆಗಳ ಅತಿ ಹೆಸರುವಾಸಿ ವಾರ್ಷಿಕ ಪಟ್ಟಿಯನ್ನು ಫ್ರೆಡ್ ಜೇನ್ 1898ರಲ್ಲಿ ಶುರು ಮಾಡಿದ್ದು ತನ್ನ ನೌಕಾ ಯುದ್ಧದ ಆಟದ ಜೊತೆಜೊತೆಗೇ.

ಹೊಸದಾಗಿ ಶುರು ಮಾಡೋರು ಮೊದಲು ಕಲ್ಪನೆಯ ಹಡಗು ಮುಟ್ಟಬೇಡಿ. 1906ರ ಬ್ರಿಟಿಷ್ ಬ್ಯಾಟಲ್‌ಶಿಪ್ ಡ್ರೆಡ್‌ನಾಟ್ ತುಂಬಿ ನೋಡಿ: 527 ಅಡಿ ಉದ್ದ, 82 ಅಡಿ ಅಗಲ, ಹತ್ತು 12 ಇಂಚಿನ ಫಿರಂಗಿ, 11 ಇಂಚಿನ ಬೆಲ್ಟ್, ಟರ್ಬೈನ್, 21 ನಾಟ್. ಬಂದ ಉತ್ತರ ನಿಜದ ಅಂಕಿಗೆ ಎಷ್ಟು ಹತ್ತಿರ ಇದೆ ನೋಡಿಕೊಂಡರೆ ಎಲ್ಲಿ ನಂಬಬೇಕು, ಎಲ್ಲಿ ಅನುಮಾನ ಪಡಬೇಕು ಅಂತ ಕೈಗೆ ಗೊತ್ತಾಗುತ್ತೆ. ಸ್ಪ್ರಿಂಗ್‌ಶಾರ್ಪ್‌ನ 2.1 ಆವೃತ್ತಿಯ ಹಡಗುಗಳನ್ನೂ 3ರ ಬೀಟಾದ (ಪರೀಕ್ಷಾ ಆವೃತ್ತಿಯ) ಹಡಗುಗಳನ್ನೂ ಒಂದೇ ಪಟ್ಟಿಯಲ್ಲಿ ಕಲಸಬೇಡಿ, ಎರಡರ ಲೆಕ್ಕವೂ ಒಂದೇ ಥರ ಇಲ್ಲ. ಬ್ಯಾಟಲ್‌ಶಿಪ್, ಕ್ರೂಸರ್ ಮಾಡೋರು ಕಣ್ಣು ಮುಚ್ಚಿ ಇಳಿಸಿಕೊಳ್ಳಿ. ಸಬ್‌ಮರೀನ್ ಬೇಕಾದವರು ಬೇರೆ ಕಡೆ ನೋಡಿ.