ಮನೆಯ ಸಮಾರಂಭಗಳ ಕೇಕಿಗೆ 28 ಲೀಟರ್ ಓಟಿಜಿ: ಒಂದು ವಿಮರ್ಶೆ

ಓವನ್, ಟೋಸ್ಟರ್, ಗ್ರಿಲ್ ಮೂರೂ ಆಗಿ ಒದಗುವ ವಿದ್ಯುತ್ ಒಲೆಯಾದ ಓಟಿಜಿಯನ್ನು ಕೊಳ್ಳಲು ಅಂಗಡಿಗೆ ಹೋದರೆ ಮಾರುವವರು ಮೊದಲು ತೋರಿಸುವುದು ಅದರ ಜೊತೆಗೆ ಬರುವ ಸಾಮಾನುಗಳನ್ನು. ಕೋಳಿಯನ್ನು ಚುಚ್ಚಿ ತಿರುಗಿಸುವ ಸಲಾಕೆ, ಕಬಾಬಿನ ಕಡ್ಡಿಗಳು, ಉದುರಿದ ಪುಡಿಯನ್ನು ಹಿಡಿಯುವ ತಟ್ಟೆ, ಬಿಸಿ ಟ್ರೇ ಎತ್ತುವ ಇಕ್ಕಳ, ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸುತ್ತಾರೆ. ಮಕ್ಕಳ ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ, ಹಿರಿಯರ ಷಷ್ಟ್ಯಬ್ದಿ ಎಂದು ಆಗಾಗ ಕೇಕ್ ಮಾಡುವ, ಅದರಲ್ಲೂ ಸಸ್ಯಾಹಾರಿಗಳಾದ ನಮ್ಮಂಥ ಮನೆಯವರಿಗೆ ಇವುಗಳಲ್ಲಿ ಇಕ್ಕಳವನ್ನೂ ಪುಡಿ ಹಿಡಿಯುವ ತಟ್ಟೆಯನ್ನೂ ಬಿಟ್ಟರೆ ಉಳಿದವು ಅಟ್ಟ ಸೇರುವಂಥವು. ಒಳಗಿನ ಶಾಖವನ್ನು ಹತೋಟಿಯಲ್ಲಿಟ್ಟು ಕೇಕಿನ ಹಣೆಬರಹವನ್ನು ನಿರ್ಧರಿಸುವ ಥರ್ಮೋಸ್ಟಾಟ್ ಎಷ್ಟರಮಟ್ಟಿಗೆ ನಂಬಿಕೆಗೆ ಅರ್ಹ ಎಂಬುದನ್ನು ಮಾತ್ರ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ, ಕೇಳುವವರೂ ಕಡಿಮೆ.

ನಾನು ಬಳಸುತ್ತಿರುವುದು 28 ಲೀಟರಿನ, 1500 ವ್ಯಾಟ್‌ನ, ಮೇಲೆ ಎರಡು ಮತ್ತು ಕೆಳಗೆ ಎರಡು ರಾಡುಗಳಿರುವ, ಹಿಂಬದಿಯಲ್ಲಿ ಸಣ್ಣ ಫ್ಯಾನ್ ಇರುವ ಮಾದರಿ. ಹೆಚ್ಚುಕಡಿಮೆ ಇದೇ ಅಳತೆಯ, ಇದೇ ರಚನೆಯ ಓಟಿಜಿಗಳನ್ನು ಹಲವು ಕಂಪನಿಗಳು ಮಾರುತ್ತಿರುವುದರಿಂದ ಹಾಗೂ ನಾನು ಹೇಳಲಿರುವ ಗುಣದೋಷಗಳು ಬಹುಮಟ್ಟಿಗೆ ಈ ವರ್ಗಕ್ಕೇ ಸೇರಿದವಾದ್ದರಿಂದ ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಮನೆಮಂದಿಗೆ ಮತ್ತು ಕರೆದ ಹತ್ತಿಪ್ಪತ್ತು ಮಂದಿಗೆ ಸಾಲುವಷ್ಟು ಕೇಕ್ ಮಾಡಲು ಇದು ಉತ್ತಮ ಉಪಕರಣ. ಆದರೆ ಶಾಖವನ್ನು ಹೊಂದಿಸಲು ತಿರುಗಿಸುವ ನಾಬಿನ ಮೇಲೆ ಅಚ್ಚು ಹಾಕಿರುವ ಅಂಕೆಯನ್ನು ನಂಬದೆ, ಕೆಲವು ನೂರು ರೂಪಾಯಿ ಬೆಲೆಯ ಓವನ್ ಥರ್ಮಾಮೀಟರ್ ಒಂದನ್ನು ಅದರ ಜೊತೆಗೇ ಕೊಂಡವರಿಗೆ ಮಾತ್ರ.

ಗಾತ್ರದ ವಿಷಯದಲ್ಲಿ ದೂರುವಂಥದ್ದೇನೂ ಇಲ್ಲ. ಅರ್ಧ ಕಿಲೋ ಕೇಕಿಗೆ ಸಾಮಾನ್ಯವಾಗಿ ಬಳಸುವ 6 ಇಂಚಿನ ಟಿನ್ನು, ಒಂದು ಕಿಲೋಗೆ ಬಳಸುವ 8 ಇಂಚಿನ ಟಿನ್ನು ಎರಡೂ ಸಲೀಸಾಗಿ ಹಿಡಿಸುತ್ತವೆ, ಸುತ್ತಲೂ ಬಿಸಿಗಾಳಿ ಆಡಲು ಜಾಗವೂ ಉಳಿಯುತ್ತದೆ. 10 ಇಂಚಿನದನ್ನು ತುರುಕಬಹುದಾದರೂ ಅಂಚು ಗೋಡೆಗೆ ತೀರ ಹತ್ತಿರವಾಗಿ, ನಡುಭಾಗ ಬೇಯುವ ಹೊತ್ತಿಗೆ ಸುತ್ತಲಿನದು ಒಣಗಿಹೋಗುತ್ತದೆ. ಎರಡು ಟಿನ್ನುಗಳನ್ನು ಅಕ್ಕಪಕ್ಕ ಇಡಲು ಸಾಧ್ಯವಿಲ್ಲದ್ದರಿಂದ, ಎರಡು ಪದರದ ಕೇಕ್ ಬೇಕಾದವರು ಒಂದರ ನಂತರ ಒಂದನ್ನು ಬೇಯಿಸಬೇಕು, ಅದಕ್ಕಾಗಿ ಹಿಟ್ಟನ್ನೂ ಎರಡು ಸಲ ಪ್ರತ್ಯೇಕವಾಗಿ ಕಲಸಬೇಕು. ಮೊಟ್ಟೆಯಿಲ್ಲದ ಕೇಕಿನಲ್ಲಿ ಇದು ತಪ್ಪದ ಕೆಲಸ. ಕಾರಣವನ್ನು ಮುಂದೆ ಹೇಳುತ್ತೇನೆ.

ಈಗ ಥರ್ಮೋಸ್ಟಾಟ್. ಇದು ಕೆಲಸ ಮಾಡುವುದೇ ರಾಡನ್ನು ಕಾಯಿಸಿ, ನಿಲ್ಲಿಸಿ, ಒಳಗಿನ ಶಾಖ ಇಳಿದ ಮೇಲೆ ಮತ್ತೆ ಕಾಯಿಸುವ ಕ್ರಮದಲ್ಲಿ. ಹಾಗಾಗಿ ಒಳಗಿನ ಶಾಖ ಯಾವಾಗಲೂ ಸ್ವಲ್ಪ ಏರಿಳಿಯುತ್ತಲೇ ಇರುತ್ತದೆ, ಅದನ್ನು ದೋಷವೆನ್ನಲಾಗದು. ದೋಷವಿರುವುದು ನಾಬಿನ ಅಂಕೆಗೂ ಆ ಏರಿಳಿತದ ನಡುಮಟ್ಟಕ್ಕೂ ಹೊಂದಿಕೆಯೇ ಇಲ್ಲದಿರುವುದರಲ್ಲಿ. ನಮ್ಮ ಓಟಿಜಿಯಲ್ಲಿ ನಾಬನ್ನು 180ಕ್ಕೆ ಇಟ್ಟು, ತಂತಿಯ ತಟ್ಟೆಗೆ ಥರ್ಮಾಮೀಟರ್ ತೂಗುಹಾಕಿ, ಗಾಜಿನ ಬಾಗಿಲಿನ ಮೂಲಕ ನೋಡಿದರೆ ಮುಳ್ಳು 195ರಿಂದ 205ರವರೆಗೆ ಆಡುತ್ತದೆ. 160ಕ್ಕೆ ಇಳಿಸಿದಾಗ ಅದು ನಿಲ್ಲುವುದು 180ರ ಆಸುಪಾಸಿನಲ್ಲಿ. ಇಪ್ಪತ್ತು ಡಿಗ್ರಿಯ ಈ ಅಂತರ ಬಿಸ್ಕತ್ತಿಗೆ ಅಷ್ಟಾಗಿ ತಟ್ಟದಿದ್ದರೂ ಕೇಕನ್ನು ಕೆಡಿಸಲು ಸಾಕು: ಶಾಖ ಹೆಚ್ಚಾದಾಗ ಮೇಲ್ಪದರ ಬೇಗನೆ ಗಟ್ಟಿಯಾಗುತ್ತದೆ, ಒಳಗಿನ ಹಿಟ್ಟು ಇನ್ನೂ ಉಬ್ಬುತ್ತಿರುವುದರಿಂದ ಅದು ಮೇಲಿನ ಸಿಪ್ಪೆಯನ್ನು ನಡುವಿನಲ್ಲಿ ಒಡೆದುಕೊಂಡು ಹೊರಬರುತ್ತದೆ, ನೋಡಿದವರು ಬೆಂದಿದೆಯೆಂದುಕೊಂಡು ಹೊರತೆಗೆದರೆ ಕತ್ತರಿಸಿದಾಗ ಒಳಗೆಲ್ಲ ಅಂಟಂಟು. ಸೋಡಾ ಹೆಚ್ಚಾಯಿತೆಂದೋ ಮೈದಾ ಹಳೆಯದೆಂದೋ ಹಲವರು ಪಾಕವಿಧಾನವನ್ನು ತಿದ್ದುತ್ತಾ ಹೋಗುತ್ತಾರೆ, ತಿದ್ದಬೇಕಾದದ್ದು ನಾಬನ್ನು.

ಥರ್ಮಾಮೀಟರ್ ಇಲ್ಲದವರು ಸಕ್ಕರೆಯಿಂದಲೇ ಒಂದು ಪರೀಕ್ಷೆ ಮಾಡಬಹುದು. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಲ್ಯೂಮಿನಿಯಂ ಹಾಳೆಯ ಮೇಲೆ ಒಂದು ಚಮಚ ಸಕ್ಕರೆಯನ್ನು ಹರಡಿ, ನಾಬನ್ನು 175ಕ್ಕೆ ಇಟ್ಟು ಚೆನ್ನಾಗಿ ಕಾಯಿಸಿದ ಓವನ್ನಿನಲ್ಲಿ ಹದಿನೈದು ನಿಮಿಷ ಇಟ್ಟರೆ ಹರಳುಗಳು ಹಾಗೆಯೇ ಉಳಿಯಬೇಕು. ಕರಗಿ ನೀರಾದರೆ ಒಳಗಿನ ಶಾಖ ಅಂಕೆಗಿಂತ ಹೆಚ್ಚು. 190ಕ್ಕೆ ಇಟ್ಟಾಗಲೂ ಕರಗದಿದ್ದರೆ ಶಾಖ ಕಡಿಮೆ. ನಮ್ಮ ಓಟಿಜಿಯಲ್ಲಿ 175ಕ್ಕೇ ಸಕ್ಕರೆಯ ಅಂಚು ಕರಗಿ ಹೊಂಬಣ್ಣಕ್ಕೆ ತಿರುಗಿತು, ಥರ್ಮಾಮೀಟರ್ ಹೇಳಿದ್ದೂ ಅದನ್ನೇ. ಇದನ್ನು ಹೇಳಿ ಗ್ರಾಹಕ ಸೇವೆಯವರಿಗೆ ದೂರು ಕೊಟ್ಟಾಗ ಬಂದ ತಂತ್ರಜ್ಞರು ರಾಡುಗಳು ಕೆಂಪಾಗುವುದನ್ನು ನೋಡಿ, ಎಲ್ಲವೂ ಸರಿಯಿದೆಯೆಂದು ಬರೆದುಕೊಟ್ಟು ಹೋದರು. ಶಾಖವನ್ನು ಅಳೆಯುವ ಸಾಧನ ಅವರ ಚೀಲದಲ್ಲಿ ಇರಲೇ ಇಲ್ಲ. ಖಾತರಿಯ ಅವಧಿಯಲ್ಲಿ ಕೊಡುವ ಸೇವೆ ಇಷ್ಟೇ ಎಂದಾದರೆ, ಓವನ್ನನ್ನು ಅರಿತುಕೊಳ್ಳುವ ಕೆಲಸ ಕೊಂಡವರದ್ದೇ.

ಒಮ್ಮೆ ಅರಿತುಕೊಂಡ ಮೇಲೆ ಇದು ಕೊಡುವ ಫಲಿತಾಂಶ ಮೆಚ್ಚುವಂಥದ್ದು. ನಮ್ಮ ಮನೆಯಲ್ಲಿ ಹೆಚ್ಚಾಗಿ ಮಾಡುವುದು ಮೊಸರು ಹಾಕಿದ, ಮೊಟ್ಟೆಯಿಲ್ಲದ ವೆನಿಲಾ ಕೇಕು: ಒಂದೂವರೆ ಕಪ್ ಮೈದಾ, ಒಂದು ಕಪ್ ಗಟ್ಟಿ ಮೊಸರು, ಮುಕ್ಕಾಲು ಕಪ್ ಸಕ್ಕರೆ, ಅರ್ಧ ಕಪ್ ವಾಸನೆಯಿಲ್ಲದ ಎಣ್ಣೆ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ. ಮೊಸರಿನ ಹುಳಿಗೆ ಸೋಡಾ ತಾಗಿದ ಕ್ಷಣದಿಂದಲೇ ಅನಿಲ ಬಿಡುಗಡೆಯಾಗತೊಡಗುತ್ತದೆ; ಮೊಸರಿನ ಮೇಲೆ ಸಣ್ಣ ಗುಳ್ಳೆಗಳೇಳುವುದು ಕಣ್ಣಿಗೇ ಕಾಣುತ್ತದೆ. ಆ ಗುಳ್ಳೆಗಳು ಒಡೆದು ಹೋಗುವ ಮುನ್ನ ಟಿನ್ನು ಬಿಸಿ ಓವನ್ನಿನೊಳಗೆ ಸೇರಬೇಕು. ಎರಡನೆಯ ಪದರದ ಹಿಟ್ಟನ್ನು ಮೊದಲೇ ಕಲಸಿ ಇಟ್ಟಿರುವಂತಿಲ್ಲ ಎಂದದ್ದು ಇದಕ್ಕೇ. ಈ ಓಟಿಜಿ ಬಿಸಿಯಾಗಲು ಹದಿನೈದು ನಿಮಿಷ ಬೇಕಾಗುವುದರಿಂದ ಮೈದಾ ಜರಡಿ ಹಿಡಿಯುವ ಮೊದಲೇ ಸ್ವಿಚ್ ಹಾಕುವುದು ಒಳ್ಳೆಯದು.

ಕೆಳಗಿನ ರಾಡುಗಳನ್ನಷ್ಟೇ ಹಾಕಿ, ತಂತಿಯ ತಟ್ಟೆಯನ್ನು ಕೆಳಗಿನಿಂದ ಎರಡನೆಯ ಅಂತಸ್ತಿನಲ್ಲಿಟ್ಟು, ಒಳಗಿನ ಶಾಖವನ್ನು 175 ಡಿಗ್ರಿಯ ಸುತ್ತ ನಿಲ್ಲಿಸಿ ಬೇಯಿಸಿದರೆ ಮೇಲ್ಭಾಗ ಚಪ್ಪಟೆಯಾಗಿ, ತಿಳಿಯಾದ ಹೊಂಬಣ್ಣದಲ್ಲಿ ಬರುತ್ತದೆ. ಐಸಿಂಗ್ ಮಾಡುವವರಿಗೆ ಬೇಕಾದದ್ದು ಇಂಥ ಚಪ್ಪಟೆ ಮೈಯೇ, ಏಕೆಂದರೆ ಕತ್ತರಿಸಿ ಸಮ ಮಾಡುವಾಗ ವ್ಯರ್ಥವಾಗುವುದು ಕಡಿಮೆ. ಎರಡೂ ಕಡೆಯ ರಾಡು ಮತ್ತು ಫ್ಯಾನ್ ಹಾಕಿದರೆ ಕೇಕು ಬೇಗ ಬೇಯುತ್ತದೆಯಾದರೂ ಶಾಖವನ್ನು ಹದಿನೈದಿಪ್ಪತ್ತು ಡಿಗ್ರಿ ಇಳಿಸದಿದ್ದರೆ ಮೇಲ್ಭಾಗ ಕಂದುತ್ತದೆ. ಫ್ಯಾನ್ ಇದ್ದೂ ಬಲಗಡೆಯ ಹಿಂದಿನ ಮೂಲೆ ಉಳಿದೆಡೆಗಿಂತ ಬೇಗ ಕೆಂಪಾಗುವುದು ಇದರ ಇನ್ನೊಂದು ಕೊರತೆ. ಬೇಯುವ ಅವಧಿಯ ಮೂರನೆಯ ಎರಡು ಭಾಗ ಕಳೆದ ಮೇಲೆ ಟಿನ್ನನ್ನು ಅರ್ಧ ಸುತ್ತು ತಿರುಗಿಸಿದರೆ ಸರಿಹೋಗುತ್ತದೆ. ಅದಕ್ಕೂ ಮೊದಲು ಬಾಗಿಲು ತೆರೆದರೆ ಉಬ್ಬಿದ ಕೇಕು ಕುಸಿಯುವ ಭಯವುಂಟು. ಟಿನ್ನಿನ ಬಣ್ಣಕ್ಕೂ ಗಮನ ಕೊಡಬೇಕು. ಓಟಿಜಿಯ ಜೊತೆ ಉಡುಗೊರೆಯೆಂದು ಕೊಟ್ಟ ಕಪ್ಪು ನಾನ್‌ಸ್ಟಿಕ್ ಟಿನ್ನು ಶಾಖವನ್ನು ಹೆಚ್ಚಾಗಿ ಹೀರಿ ತಳವನ್ನು ಸೀಸುತ್ತದೆ. ಪಾತ್ರೆ ಅಂಗಡಿಯಲ್ಲಿ ಸಿಗುವ ಬಿಳಿ ಅಲ್ಯೂಮಿನಿಯಂ ಟಿನ್ನಿಗೆ ಬಟರ್ ಪೇಪರ್ ಹಾಸಿ ಬಳಸುವುದು ಲೇಸು.

ಟೈಮರ್ ಸ್ಪ್ರಿಂಗಿನದು, 60 ನಿಮಿಷದವರೆಗೆ ಮಾತ್ರ. ಐದಾರು ನಿಮಿಷಕ್ಕೆಂದು ತಿರುಗಿಸಿದರೆ ಸರಿಯಾಗಿ ನಡೆಯುವುದಿಲ್ಲವಾದ್ದರಿಂದ ಮೊದಲು ಹದಿನೈದು ದಾಟಿಸಿ ಹಿಂದಕ್ಕೆ ತರಬೇಕು. ಹುಟ್ಟುಹಬ್ಬದ ಕೇಕಿಗೆ ಒಂದು ಗಂಟೆಯ ಮಿತಿ ಸಾಕು. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್ಸಿನ ಕುಸ್ವಾರ್ ಎಂಬ ಬಗೆಬಗೆಯ ತಿನಿಸುಗಳ ಜೊತೆಗೆ ಹಂಚುವಂಥ, ಒಣಹಣ್ಣು ತುಂಬಿದ ಪ್ಲಮ್ ಕೇಕನ್ನು 150 ಡಿಗ್ರಿಯಲ್ಲಿ ಒಂದೂವರೆ ಗಂಟೆಗೂ ಮಿಕ್ಕಿ ಬೇಯಿಸಬೇಕಾಗುತ್ತದೆ. ಅಂಥವರು ನಡುವೆ ಎದ್ದುಬಂದು ಟೈಮರನ್ನು ಮತ್ತೆ ತಿರುಗಿಸಬೇಕು, ಇಲ್ಲವೇ ನಿರಂತರವಾಗಿ ನಡೆಯುವ ಸ್ಥಾನಕ್ಕಿಟ್ಟು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಬೇಕು. ಹೆಚ್ಚು ಹೊತ್ತು ಬೇಯುವ ಕೇಕಿನ ತಲೆಯ ಮೇಲೆ ಕೊನೆಯ ಅರ್ಧ ಗಂಟೆ ಅಲ್ಯೂಮಿನಿಯಂ ಹಾಳೆಯನ್ನು ಸಡಿಲವಾಗಿ ಹೊದಿಸುವುದೂ ಅಗತ್ಯ.

ವಿದ್ಯುತ್ತಿನ ವಿಷಯ ಹೊಸದಾಗಿ ಕೊಳ್ಳುವವರ ಲೆಕ್ಕಕ್ಕೆ ಬಾರದೆ ಹೋಗುವಂಥದ್ದು. 1500 ವ್ಯಾಟ್ ಎಂದರೆ 230 ವೋಲ್ಟ್‌ನಲ್ಲಿ ಆರೂವರೆ ಆಂಪಿಯರ್, ಅಂದರೆ ಸಾಮಾನ್ಯ ಸಣ್ಣ ಸಾಕೆಟ್ಟಿನ ಮಿತಿಗಿಂತ ಹೆಚ್ಚು. ಆದ್ದರಿಂದ ಗೀಸರಿಗೆ ಹಾಕುವಂಥ 16 ಆಂಪಿಯರ್ ಸಾಕೆಟ್ಟೇ ಬೇಕು, ಮಿಕ್ಸಿಯ ಪಕ್ಕದ ಸಾಕೆಟ್ಟಿಗೆ ಅಡಾಪ್ಟರ್ ಸಿಕ್ಕಿಸಿ ನಡೆಸುವುದು ಅಪಾಯ. ರಾಡು ಕೊಡುವ ಶಾಖ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದಾಗ ಬರುವ ಸಂಖ್ಯೆಗೆ) ತಕ್ಕಂತೆ ಇಳಿಯುತ್ತದೆ: 230ರಲ್ಲಿ 1500 ವ್ಯಾಟ್ ಕೊಡುವ ರಾಡು, ವೋಲ್ಟೇಜು 190ಕ್ಕೆ ಬಿದ್ದಾಗ ಸುಮಾರು 1020 ವ್ಯಾಟ್ ಮಾತ್ರ ಕೊಟ್ಟೀತು. ಹಳ್ಳಿಯಲ್ಲೋ ಪಟ್ಟಣದ ಅಂಚಿನಲ್ಲೋ ಇರುವ ಮನೆಗಳಲ್ಲಿ ಸಂಜೆ ಎಲ್ಲರೂ ದೀಪ, ಮೋಟಾರು ಹಾಕುವ ಹೊತ್ತಿಗೆ ಕೇಕು ಬೇಯಲು ಇಟ್ಟರೆ ಓವನ್ನು ಕಾಯಲು ಅರ್ಧ ಗಂಟೆ ಹಿಡಿದು, ಪಾಕವಿಧಾನದಲ್ಲಿ ಬರೆದ ಸಮಯಕ್ಕೂ ವಾಸ್ತವಕ್ಕೂ ಸಂಬಂಧವೇ ಇಲ್ಲದಂತಾಗುತ್ತದೆ. ಸಂಜೆಯ ಸಮಾರಂಭದ ಕೇಕನ್ನು ಬೆಳಿಗ್ಗೆಯೇ ಬೇಯಿಸಿ ಆರಿಸಿಡುವುದು ಈ ದೃಷ್ಟಿಯಿಂದಲೂ ಒಳ್ಳೆಯದು. ಮನೆಗಳಲ್ಲಿರುವ ಸಾಮಾನ್ಯ ಯುಪಿಎಸ್ ಇದನ್ನು ನಡೆಸಲಾರದು. ನಡುವೆ ಕರೆಂಟು ಹೋದರೆ ಬಾಗಿಲು ತೆರೆಯದೆ ಕಾಯುವುದಷ್ಟೇ ಉಳಿದಿರುವ ದಾರಿ. ಆದರೆ ಒಂದೇ ಪದರದ ಗಾಜಿನ ಬಾಗಿಲಾದ್ದರಿಂದ ಶಾಖ ಬೇಗನೆ ಇಳಿಯುತ್ತದೆ. ಖರ್ಚು ಮಾತ್ರ ಹೆಚ್ಚಲ್ಲ, ಒಂದು ಕೇಕಿಗೆ ಒಂದು ಯೂನಿಟ್ಟಿನ ಆಚೀಚೆ. ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಲ್ಲಿರುವವರು ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ಕಟ್ಟಬೇಕಾಗುವುದರಿಂದ, ಡಿಸೆಂಬರಿನಲ್ಲಿ ನೆಂಟರಿಷ್ಟರಿಗೆಲ್ಲ ಕೇಕು ಮಾಡಿ ಕಳಿಸುವವರು ಮೀಟರಿನ ಕಡೆ ಒಂದು ಕಣ್ಣಿಟ್ಟಿರಲಿ.

ಕೇಕಿನಾಚೆಗಿನ ಸಿಹಿತಿನಿಸುಗಳಿಗೂ ಇದು ಒದಗುತ್ತದೆ. ಚಿರೋಟಿ ರವೆ ಮತ್ತು ತೆಂಗಿನತುರಿಯ ಕೇಕು, ನಾನ್‌ಖಟಾಯಿ ಎರಡೂ ಚೆನ್ನಾಗಿ ಬರುತ್ತವೆ. ಅತಿಥಿಗಳು ಹೆಚ್ಚು ಮೆಚ್ಚಿದ್ದು ಮಾತ್ರ ಬೇಯಿಸಿದ ಸಿಹಿಮೊಸರನ್ನು: ನೀರು ಬಸಿದ ಗಟ್ಟಿ ಮೊಸರು, ಕಂಡೆನ್ಸ್ಡ್ ಮಿಲ್ಕ್, ಕ್ರೀಮು ಮೂರನ್ನೂ ಸಮಪ್ರಮಾಣದಲ್ಲಿ ಕಲಸಿ, ಸಣ್ಣ ಬಟ್ಟಲುಗಳಿಗೆ ಹಾಕಿ, ಬಿಸಿನೀರು ತುಂಬಿದ ಟ್ರೇಯಲ್ಲಿಟ್ಟು 160 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷದಷ್ಟು ಬೇಯಿಸಿ, ಆರಿದ ಮೇಲೆ ಫ್ರಿಜ್ಜಿನಲ್ಲಿಡುವುದು. ಜೊತೆಗೆ ಬಂದ ಟ್ರೇಯ ಅಂಚು ತಗ್ಗಾಗಿರುವುದರಿಂದ ನೀರು ತುಳುಕುತ್ತದೆ. ಇದಕ್ಕೆ ಎರಡಂಗುಲ ಆಳದ ಬೇರೆ ತಟ್ಟೆಯೇ ಬೇಕು.

ಉಪಕರಣದ ರಚನೆಯ ಬಗ್ಗೆ ಹೇಳುವುದಾದರೆ, ಬಾಗಿಲಿನ ಸ್ಪ್ರಿಂಗು ಇನ್ನೂ ಬಿಗಿಯಾಗಿದೆ, ಹಿಡಿ ಸುಡುವುದಿಲ್ಲ. ಮೇಲ್ಮೈ ಮತ್ತು ಎರಡು ಪಕ್ಕ ಕೈ ಇಡಲಾಗದಷ್ಟು ಕಾಯುತ್ತವೆ. ಗೋಡೆಯಿಂದ ನಾಲ್ಕಂಗುಲವಾದರೂ ದೂರವಿಟ್ಟು, ಮೇಲೆ ಬಟ್ಟೆ, ಪ್ಲಾಸ್ಟಿಕ್ ಡಬ್ಬಿ ಇಡದೆ ನೋಡಿಕೊಳ್ಳಬೇಕು. ಹುಟ್ಟುಹಬ್ಬದ ದಿನ ಕೇಕು ಉಬ್ಬುವುದನ್ನು ಗಾಜಿನಲ್ಲಿ ನೋಡಲು ಮಕ್ಕಳು ಮುಗಿಬೀಳುತ್ತಾರಾದ್ದರಿಂದ ಕಟ್ಟೆಯ ಒಳಮೂಲೆಯಲ್ಲಿ ಇಟ್ಟರೆ ಕ್ಷೇಮ. ರಾಡಿನ ಮೇಲೆ ಹಿಟ್ಟು ಚೆಲ್ಲಿದರೆ ಪೂರ್ತಿ ಆರಿದ ಮೇಲಷ್ಟೇ ಒರೆಸಬೇಕು, ಆ ಜಾಗದಲ್ಲಿ ಕೈ ಆಡುವುದೇ ಕಷ್ಟ.

ಬಿಸಿಗಾಳಿಯಿಂದಲೂ ಬೇಯಿಸುವ ಕನ್ವೆಕ್ಷನ್ ಮೈಕ್ರೋವೇವ್ ಈಗಾಗಲೇ ಮನೆಯಲ್ಲಿರುವವರು ಇದನ್ನು ಕೊಳ್ಳಲೇಬೇಕೆಂದೇನಿಲ್ಲ. ಕನ್ವೆಕ್ಷನ್ ಸ್ಥಾನದಲ್ಲಿ ಲೋಹದ ಟಿನ್ನು ಇಟ್ಟು ಒಳ್ಳೆಯ ಕೇಕು ಮಾಡಬಹುದು. ಅದರಲ್ಲಿ ಸಿಗದಿರುವುದು ಕೆಳಗಿನಿಂದ ಮಾತ್ರ ಕಾಯಿಸುವ ಸೌಕರ್ಯ. ಉಪ್ಪು ಇಲ್ಲವೇ ಮರಳು ಹಾಸಿ, ಗ್ಯಾಸ್ಕೆಟ್ಟು ಮತ್ತು ವೆಯ್ಟು ತೆಗೆದ ಕುಕ್ಕರಿನಲ್ಲಿ ವರ್ಷಕ್ಕೊಮ್ಮೆ ಕೇಕು ಮಾಡುವವರಿಗೂ ಆರೇಳು ಸಾವಿರದಿಂದ ಹತ್ತು ಸಾವಿರದವರೆಗಿನ ಈ ಖರ್ಚು ದಂಡವೇ. ತಿಂಗಳಿಗೊಂದು ಸಮಾರಂಭವಿರುವ ತುಂಬಿದ ಮನೆಯವರು ಕೊಳ್ಳುವುದಾದರೆ, ತಮ್ಮ 8 ಇಂಚಿನ ಟಿನ್ನನ್ನು ಅಂಗಡಿಗೇ ಒಯ್ದು ಒಳಗಿಟ್ಟು, ಮೇಲಿನ ರಾಡಿಗೂ ಟಿನ್ನಿನ ಅಂಚಿಗೂ ನಡುವೆ ನಾಲ್ಕು ಬೆರಳಿನಷ್ಟಾದರೂ ಜಾಗ ಉಳಿಯುತ್ತದೆಯೇ, ಕೆಳಗಿನ ರಾಡನ್ನು ಮಾತ್ರ ಉರಿಸಲು ಪ್ರತ್ಯೇಕ ಸ್ಥಾನವಿದೆಯೇ ಎಂದು ನೋಡಿ, ಮೇಜಿನ ಮೇಲಿನ ಸಲಾಕೆ ಕಡ್ಡಿಗಳನ್ನು ಬೇಡವೆಂದು ಅಲ್ಲಿಯೇ ಬಿಟ್ಟು, ಅದರ ಬದಲು ಬೆಲೆಯಲ್ಲಿ ಏನಾದರೂ ಇಳಿಸುತ್ತಾರೆಯೇ ಎಂದು ಕೇಳಿನೋಡಬಹುದು.