ಶಿರಸಿ ಜಾತ್ರೆಯ ತೊಟ್ಟಿಲು: ಎರಡು ಟಿಕೆಟ್ ತಗೊಂಡೇ ಕೇಳಿ

ಶಿರಸಿ ಮಾರಿಕಾಂಬಾ ಜಾತ್ರೆ ಅಂದರೆ ಎಲ್ಲರೂ ದರ್ಶನದ ಸಾಲು, ಬಳೆ ಅಂಗಡಿ, ಮಿರ್ಚಿ ಭಜಿ ಇಷ್ಟರ ಬಗ್ಗೆಯೇ ಕೇಳುತ್ತಾರೆ. ನಾನು ಬರೆಯುತ್ತಿರುವುದು ದೊಡ್ಡ ತೊಟ್ಟಿಲಿನ, ಅಂದರೆ ಜೈಂಟ್ ವೀಲಿನ ಬಗ್ಗೆ. 2024ರ ಮಾರ್ಚ್‌ನಲ್ಲಿ ಮಗಳ ಜೊತೆ ಹತ್ತಿ ಇಳಿದಿದ್ದೇನೆ. ನನ್ನ ಲೆಕ್ಕದಲ್ಲಿ ಜಾತ್ರೆಯಲ್ಲಿ ದುಡ್ಡು ಕೊಟ್ಟು ಸಿಗುವ ಎಲ್ಲದಕ್ಕಿಂತ ಇದೇ ಮೇಲು.

ರಥದಲ್ಲಿ ದೇವಿ ಜಾತ್ರೆ ನಡೆಯುವ ಬಿಡಕಿಬೈಲಿನ ಗದ್ದುಗೆಗೆ ಬರುವ ಬುಧವಾರ ತೊಟ್ಟಿಲಿನ ಆಸೆ ಬಿಡಿ, ಕಾಲಿಡಲು ಜಾಗವಿರುವುದಿಲ್ಲ. ಗುರುವಾರದಿಂದ ದರ್ಶನ ಶುರುವಾಗುತ್ತದೆ. ನಡುವೆ ಸೋಮವಾರ ಬಿಸಿಲು ಇಳಿಯುವ ಹೊತ್ತಿಗೆ ಹೋದರೆ ಒಳ್ಳೆಯದು. ಕೂತ ಕೂಡಲೇ ಎದುರಿನ ಅಡ್ಡಸರಳು ಕೊಕ್ಕೆಗೆ ಸರಿಯಾಗಿ ಬಿದ್ದಿದೆಯಾ ನೋಡಿಕೊಳ್ಳಿ. ನಮ್ಮನ್ನು ಹತ್ತಿಸಿದ ಹುಡುಗ ತಾನೇ ಎಳೆದು ತೋರಿಸಿದ, ಅದು ಮೆಚ್ಚುಗೆಯಾಯಿತು.

ತಿರುಗುವುದಕ್ಕಿಂತ ನಿಲ್ಲುವುದೇ ಚೆಂದ. ಕೆಳಗೆ ಒಂದೊಂದೇ ತೊಟ್ಟಿಲಿಗೆ ಜನ ತುಂಬುವಾಗ ನೀವು ತುತ್ತತುದಿಯಲ್ಲಿ ಸುಮ್ಮನೆ ತೂಗುತ್ತಿರುತ್ತೀರಿ. ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದು ಆಗ ಬಹಳ ದೊಡ್ಡ ವಿಷಯ.

ಇದನ್ನು ನಾನು ಕಲಿತದ್ದು ಏಳನೇ ಕ್ಲಾಸಿನಲ್ಲಿ. ಕುಮಟಾ ಕಡೆಯ ಹುಡುಗನೊಬ್ಬ ನಮ್ಮೂರಿನ ಅಜ್ಜನಮನೆಗೆ ಜಾತ್ರೆಗೆ ಮಾತ್ರ ಬರುತ್ತಿದ್ದ. ಜಾತ್ರೆಯೋ ಎರಡು ವರ್ಷಕ್ಕೊಮ್ಮೆ. ಐದನೇ ಕ್ಲಾಸಿನಲ್ಲಿದ್ದಾಗ ತನ್ನ ಬತ್ತಾಸಿನಲ್ಲಿ ನನಗೆ ಪಾಲು ಕೊಟ್ಟಿದ್ದ, ಅಷ್ಟಕ್ಕೇ ಮುಂದಿನ ಜಾತ್ರೆಯ ತನಕ ಕಾದೆ. ಆಯಿ ಬಳೆಗೆಂದು ಕೊಟ್ಟ ದುಡ್ಡಿನಲ್ಲಿ ಎರಡು ಟಿಕೆಟ್ ತಗೊಂಡು, ಅವನ ಮುಂದೆ ಹೋಗಿ ನಿಂತು ಕೇಳಿಯೇಬಿಟ್ಟೆ. "ಯಂಗೆ ಬ್ಯಾಡ" ಅಂದವನೇ ಭಾವಂದಿರ ಜೊತೆ ಮೃತ್ಯುಕೂಪದ ಬೈಕ್ ಸಾಹಸ ನೋಡಲು ಓಡಿದ. ಎದೆಯಲ್ಲಿ ಏನೋ ಕಳಚಿ ಬಿದ್ದ ಹಾಗಾಯಿತು. ಗೇಟಿನಲ್ಲಿದ್ದ ಹುಬ್ಬಳ್ಳಿ ಕಡೆಯ ಮುದುಕ ನನ್ನ ಮುಖ ನೋಡಿ, "ಕುಂದರ ಬಾ ತಂಗಿ, ಎರಡೂ ಟಿಕೇಟು ನೀನೇ ತಿರುಗು" ಅಂದ.

ಅಳುತ್ತಾ ಮೇಲೆ ನಿಂತಾಗ ಕೆಳಗೆ ನಾಟಕ ಕಂಪನಿಯ ಡೇರೆಯ ಹಿಂಬದಿ ಕಂಡಿತು. ಬಣ್ಣ ಹಚ್ಚಿಕೊಂಡ ಒಬ್ಬಳು ರಾಣಿ, ಕಿರೀಟವನ್ನು ತೊಡೆಯ ಮೇಲಿಟ್ಟುಕೊಂಡು ಅವಲಕ್ಕಿ ತಿನ್ನುತ್ತಿದ್ದಳು. ಎರಡನೇ ಟಿಕೆಟಿನಲ್ಲಿ ಹತ್ತಿದಾಗ ಹುಡುಗನನ್ನು ಹುಡುಕಲಿಲ್ಲ, ಅವಳನ್ನೇ ನೋಡಿದೆ. ಅಡಿಕೆ ತೋಟದ ಮನೆಯ ಹೆಣ್ಣುಮಗಳು ನಾಟಕದವಳಾಗುವುದು ನಮ್ಮ ಕೇರಿಯಲ್ಲಿ ಯಾರ ಕನಸಿನಲ್ಲೂ ಇರಲಿಲ್ಲ. ಡಿಗ್ರಿ ಮುಗಿಸಿ ನಾಟಕ ಕಲಿಸುವ ಹೆಗ್ಗೋಡಿನ ನೀನಾಸಂಗೆ ಅರ್ಜಿ ಹಾಕುತ್ತೇನೆ ಅಂದಾಗ ಅಪ್ಪಯ್ಯ ಮಾತು ಬಿಟ್ಟ. ಬೇಡ ಅನ್ನಿಸಿಕೊಂಡರೂ ಮನುಷ್ಯರು ಬದುಕಿರುತ್ತಾರೆ ಅನ್ನುವುದು ನನಗೆ ತೊಟ್ಟಿಲಿನಲ್ಲೇ ಗೊತ್ತಾಗಿತ್ತು, ಹಾಗಾಗಿ ಅರ್ಜಿ ಹಾಕಿದೆ. ಒಂದು ವರ್ಷ ಅಲ್ಲಿ ಕಲಿತೆ. ಈಗ ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಮಾಡಿಸುತ್ತೇನೆ. ಬಯಸಿದಂಥ ದೊಡ್ಡ ಪಾತ್ರ ಇನ್ನೂ ಸಿಕ್ಕಿಲ್ಲ, ಕೇಳುವುದನ್ನಂತೂ ಬಿಟ್ಟಿಲ್ಲ.

2024ರ ಜಾತ್ರೆಯಲ್ಲಿ ಮಗಳು ಎರಡು ಟಿಕೆಟಿನ ದುಡ್ಡು ಕೇಳಿದಳು. ಅವಳ ಕ್ಲಾಸಿನ ಹುಡುಗನೊಬ್ಬ ಮನೆಯವರ ಜೊತೆ ಬಂದಿದ್ದ. "ಮೊದಲು ಟಿಕೆಟ್ ತಗೊ, ಆಮೇಲೆ ಕೇಳು" ಅಂದೆ. ಟಿಕೆಟ್ ಕೈಯಲ್ಲಿದ್ದರೆ ಹಿಂದೆ ಸರಿಯಲು ದಾರಿಯಿರುವುದಿಲ್ಲ. ಕೊಟ್ಟ ದುಡ್ಡನ್ನು ಕೌಂಟರಿನವರು ವಾಪಸ್ ಕೊಡುವುದಿಲ್ಲ, ಅದೂ ಒಳ್ಳೆಯದೇ. ಅವನ ಅಮ್ಮ ಬಿಡಲಿಲ್ಲವಂತೆ. ಕೆಂಪು ಮುಖ ಹೊತ್ತು ಬಂದು ಆ ಟಿಕೆಟನ್ನು ನನ್ನ ಕೈಗಿಟ್ಟಳು. ಅವಳು ಕೇಳಿದಳಲ್ಲ, ಅದಕ್ಕೆ ನನಗೆ ಹೆಮ್ಮೆ. ಮೇಲೆ ನಿಂತಾಗ ಅವಳು ಮಾತಾಡಲಿಲ್ಲ, ನಾನೂ ಆಡಿಸಲಿಲ್ಲ. ಇಳಿದ ಮೇಲೆ ಗೋಬಿ ತಿನ್ನುತ್ತಾ, ನಾಳೆ ಅವನ ತಂಗಿಯನ್ನೂ ಸೇರಿಸಿ ಕೇಳುತ್ತೇನೆ ಅಂದಳು.

ಒಂದು ದೂರು ಇದೆ. ಸಂಜೆಯಾದ ಮೇಲೆ ದರ ಏರಿಸುತ್ತಾರೆ, ಬೋರ್ಡು ಮಾತ್ರ ಹಳೆಯದೇ ಇರುತ್ತದೆ. ಕಿಟಕಿಯಲ್ಲಿ ಕೇಳಿಕೊಂಡೇ ದುಡ್ಡು ತೆಗೆಯಿರಿ. ಊಟವಾದ ಕೂಡಲೇ ಹತ್ತಬೇಡಿ. ತೀರಾ ಸಣ್ಣ ಮಕ್ಕಳಿಗೆ ಪಕ್ಕದಲ್ಲಿ ಕೈಯಿಂದ ತಿರುಗಿಸುವ ಕುದುರೆಗಳೇ ಸಾಕು.