ಗೇಟ್ ತಯಾರಿಯೋ, ಪ್ರೂಫ್ ಅಭ್ಯಾಸವೋ?

ದಾವಣಗೆರೆಯಲ್ಲಿ ಪದವಿಯ ಮೂರನೆಯ ವರ್ಷ ಓದುತ್ತಾ, ಮುಂದೆ ಸೈದ್ಧಾಂತಿಕ ಕಂಪ್ಯೂಟರ್ ವಿಜ್ಞಾನದಲ್ಲಿ ಸ್ನಾತಕೋತ್ತರ ಅಧ್ಯಯನ ಮಾಡಬಯಸುವವರಿಗೆ ಎರಡು ದಾರಿಗಳು ಕಾಣುತ್ತವೆ: ಗೇಟ್ ಪರೀಕ್ಷೆಗೆ ಕೋಚಿಂಗ್ ಸೇರುವುದು, ಇಲ್ಲವೇ ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್‌ನಂತಹ ಕಡೆಯ ಪ್ರವೇಶಕ್ಕಾಗಿ ಪ್ರೂಫ್, ಅಂದರೆ ಹೇಳಿಕೆಯೊಂದು ಏಕೆ ನಿಜವೆಂದು ಹಂತಹಂತವಾಗಿ ತೋರಿಸುವ ಗಣಿತದ ಸಾಧನೆ, ಬರೆಯಲು ಕಲಿಯುವುದು.

ಗೇಟ್‌ನಲ್ಲಿ 3 ಗಂಟೆ, 65 ಪ್ರಶ್ನೆ, 100 ಅಂಕ. ಅದರ ಅಂಕಪಟ್ಟಿ 3 ವರ್ಷ ಊರ್ಜಿತವಾಗಿದ್ದು, ಐಐಟಿಗಳ ಎಂ.ಟೆಕ್. ಬಾಗಿಲು ತೆರೆಯುತ್ತದೆ. ಆದರೆ ಉತ್ತರವೆಂದರೆ ಒಂದೋ ಹಲವೋ ಆಯ್ಕೆಗಳು ಅಥವಾ ಒಂದು ಸಂಖ್ಯೆ ಮಾತ್ರ. ಅದು ಹೇಗೆ ಬಂತೆಂದು ಯಾರೂ ಕೇಳುವುದಿಲ್ಲ.

ಎರಡನೆಯ ದಾರಿಯಲ್ಲಿ ಕೇಳುವುದೇ ಅದನ್ನು. ಕೆಲವು ಸೊನ್ನೆಗಳು, ಬಳಿಕ ಅಷ್ಟೇ ಒಂದುಗಳು ಬರುವ ಸಾಲುಗಳನ್ನು ಯಾವ ಫೈನೈಟ್ ಆಟೊಮೇಟನ್ನೂ (ಅಕ್ಷರಗಳನ್ನು ಒಂದೊಂದಾಗಿ ಓದುತ್ತಾ ಸೀಮಿತ ಸಂಖ್ಯೆಯ ಸ್ಥಿತಿಗಳ ನಡುವೆ ಸಾಗುವ ಕಾಲ್ಪನಿಕ ಯಂತ್ರ) ಗುರುತಿಸಲಾರದೆಂದು ತೋರಿಸಬೇಕೆನ್ನಿ. ಯಂತ್ರಕ್ಕೆ ಹತ್ತು ಸ್ಥಿತಿಗಳಿದ್ದರೆ, ಒಂದರಿಂದ ಹನ್ನೊಂದರವರೆಗಿನ ಸೊನ್ನೆಗಳ ಸಾಲುಗಳಲ್ಲಿ ಯಾವುದಾದರೂ ಎರಡು ಒಂದೇ ಸ್ಥಿತಿಗೆ ಬಂದು ನಿಲ್ಲಲೇಬೇಕು. ಅಲ್ಲಿಂದ ಮುಂದೆ ಯಂತ್ರಕ್ಕೆ ಅವುಗಳ ವ್ಯತ್ಯಾಸ ತಿಳಿಯದು. ಹಾಗಾಗಿ ಒಂದಕ್ಕೆ ಸರಿಹೊಂದುವಷ್ಟು ಒಂದುಗಳನ್ನು ಇನ್ನೊಂದರ ಮುಂದಿಟ್ಟರೂ ಅದು ಎರಡನ್ನೂ ಒಪ್ಪುತ್ತದೆ, ಇಲ್ಲವೇ ಎರಡನ್ನೂ ತಿರಸ್ಕರಿಸುತ್ತದೆ; ಹೇಗಿದ್ದರೂ ಒಂದು ಕಡೆ ತಪ್ಪುತ್ತದೆ. ಸ್ಥಿತಿಗಳು ಎಷ್ಟೇ ಇದ್ದರೂ ಇದೇ ವಾದ ನಡೆಯುತ್ತದೆ. ಇದನ್ನು ನಾಲ್ಕು ಸಾಲಿನಲ್ಲಿ, ಸಂದಿಲ್ಲದಂತೆ ಬರೆಯಬಲ್ಲವನಿಗೆ ಮುಂದಿನ ಸಂಶೋಧನೆಯ ರುಚಿ ಹತ್ತಿದಂತೆಯೇ ಸರಿ.

ಹೇಳಿಕೊಡುವವರು ಊರಿನಲ್ಲಿ ಸಿಗದಿದ್ದರೆ ಎನ್‌ಪಿಟಿಇಎಲ್ (ಐಐಟಿಗಳು ಮತ್ತು ಐಐಎಸ್‌ಸಿ ನಡೆಸುವ ಆನ್‌ಲೈನ್ ಪಾಠಗಳ ಯೋಜನೆ) ಉಪನ್ಯಾಸಗಳು ಉಚಿತವಾಗಿವೆ. ಬರೆದದ್ದನ್ನು ಓದಿ ತಪ್ಪು ಹಿಡಿಯುವ ಗೆಳೆಯನೊಬ್ಬ ಮಾತ್ರ ಬೇಕೇ ಬೇಕು. ಪ್ರೂಫ್ ಅಭ್ಯಾಸ ನಿಧಾನವಾಗಿ ಮಾಗುವಂಥದ್ದಾದ್ದರಿಂದ ಅದನ್ನು ಈಗಲೇ ಆರಂಭಿಸಿ, ಗೇಟ್‌ನ ಹಳೆಯ ಪ್ರಶ್ನೆಪತ್ರಿಕೆಗಳನ್ನು ಕೊನೆಯ ಆರು ತಿಂಗಳಿಗೆ ಇಟ್ಟುಕೊಳ್ಳುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.